ಬೂಟು ತಂದ ಬೀಜ

"ನಾಳೆ ಬೆಳಿಗ್ಗೆ ಮಶೀನ್ ಬರುತ್ತೆ ಮೇಡಂ. ಮಧ್ಯಾಹ್ನದೊಳಗೆ ಕಾಡಿನ ಏಳನೇ ತುಂಡು ನೆಲಸಮ," ಎಂದ ಕುಡುಗೋಲಣ್ಣ, ಹವಾಮಾನ ವರದಿ ಓದುವವನ ಹಾಗೆ.

ಗೇಟಿನ ಕೋಣೆಯಲ್ಲಿ ಕೂತು ಬಲಗಾಲಿಗೆ ಬೂಟು ಏರಿಸುತ್ತಿದ್ದ ಪೊಲೀಸ್ ಅಧಿಕಾರಿ ಸೂಜಿ ಮೇಡಂ ಕೈ ಅಲ್ಲೇ ನಿಂತಿತು.

ಎಣಿಕೆಯವಳು ಈ ರಕ್ಷಿತ ಕಾಡಿನೊಳಗೆ ಗಿಡ ಎಣಿಸಲು ಹೋಗಿ ಹೊರಗೆ ಬಾರದೆ ಅಂದಿಗೆ ಇಪ್ಪತ್ತಾರು ದಿನ. ಮಶೀನು ಎಂದರೆ ಮುಂದೆ ಹಲ್ಲಿನ ಉರುಳೆ ಇರುವ ಟ್ರ್ಯಾಕ್ಟರು. ಪೊದೆ, ಬುಡ, ನೆಲದ ನಾಲ್ಕು ಬೆರಳು ಮಣ್ಣು, ಸಿಕ್ಕಿದ್ದೆಲ್ಲವನ್ನೂ ಜಗಿದು ಹಿಂದಕ್ಕೆ ಉಗುಳುತ್ತದೆ. ಅದು ಹಾದುಹೋದ ಮೇಲೆ ಮರದ ಚೂರು ಯಾವುದು, ಮೂಳೆ ಚೂರು ಯಾವುದು ಎಂದು ಹೇಳಲು ದೇವರೇ ಇಳಿದು ಬರಬೇಕು.

"ತೀರ್ಮಾನ ಯಾರದು?"

"ನಿನ್ನೆ ಹಂಗಾಮಿನ ಸಭೆ ಇತ್ತಲ್ಲ, ನಮ್ಮ ವಿಜ್ಞಾನಿ ಮೇಷ್ಟ್ರದೇ. ಹನ್ನೆರಡು ವರ್ಷ ಅದನ್ನ ಕೂಸಿನ ಥರ ಕಾದೋರೂ ಅವರೇ, ತೆಗೀರಿ ಅಂದೋರೂ ಅವರೇ. ನಮ್ಮದೇನಿದೆ, ಕೂರು ಅಂದ್ರೆ ಕೂರ್ತೀವಿ, ಏಳು ಅಂದ್ರೆ ಏಳ್ತೀವಿ." ಅವನು ನಕ್ಕ. ಕಳೆ ಕೀಳುವ ತಂಡದ ಮೇಸ್ತ್ರಿ ಅವನು. ಸೊಂಟದಲ್ಲಿ ಸದಾ ಕುಡುಗೋಲು, ಬಾಯಲ್ಲಿ ಸದಾ ನಗು. ಎರಡರಲ್ಲಿ ಯಾವುದನ್ನೂ ಅವನು ಕೆಳಗಿಟ್ಟದ್ದನ್ನು ಕಂಡವರಿಲ್ಲ.

"ಹೋದ ತಿಂಗಳು ಅಲ್ಲಿ ಹುಡುಕಿದೋರು ಯಾರು?"

"ಎಲ್ಲಿ?"

"ಏಳನೇ ತುಂಡಲ್ಲಿ."

ಕುಡುಗೋಲಣ್ಣ ಆಕೆಯನ್ನು ಕನಿಕರದಿಂದ ನೋಡಿದ. "ಅಲ್ಲಿ ಕಾಲಿಡೋ ಹಾಗಿಲ್ಲವಲ್ಲ ಮೇಡಂ."

ಸೂಜಿ ಮೇಡಂ ಬೂಟು ಬಿಟ್ಟು ನೆಟ್ಟಗೆ ಕೂತಳು. ಅರವತ್ತು ಜನ ಐದು ದಿನ ಜಾಲಾಡಿದ್ದರು. 'ಇಡೀ ಕಾಡು ಶೋಧಿಸಲಾಗಿದೆ' ಎಂದು ಬರೆದುಕೊಟ್ಟಿದ್ದರು. ಅದು ಸುಳ್ಳೂ ಆಗಿರಲಿಲ್ಲ. ಏಳನೇ ತುಂಡಿನ ಅಂಚಿಗೆ ಬಂದಾಗ ಅರವತ್ತು ಜೊತೆ ಕಾಲು ತಾವಾಗಿಯೇ ಪಕ್ಕಕ್ಕೆ ತಿರುಗಿ, ಸುತ್ತುಹಾಕಿ, ಆಚೆ ಬದಿಯಿಂದ ಮತ್ತೆ ಹುಡುಕಾಟ ಶುರು ಮಾಡಿದ್ದವು. ಯಾರೂ ಬಚ್ಚಿಟ್ಟದ್ದಲ್ಲ, ಹನ್ನೆರಡು ವರ್ಷದ ಅಭ್ಯಾಸ. ಅಲ್ಲಿ ಒಂದು ಜಾಗವಿದೆ ಎಂಬುದೇ ಅವರಿಗೆ ಮರೆತುಹೋಗಿತ್ತು.

ಠಾಣೆಯಲ್ಲಿ ಆಕೆಯ ಬೆನ್ನ ಹಿಂದೆ ಇಟ್ಟ ಹೆಸರು ಸೂಜಿ. ಬಣವೆಯಲ್ಲಿ ಬಿದ್ದ ಸೂಜಿಯನ್ನೂ ಹುಡುಕುತ್ತಾಳೆ ಎಂದು ಕೆಲವರು, ಮಾತು ಚುಚ್ಚುತ್ತದೆ ಎಂದು ಮಿಕ್ಕವರು. ಈಗ ಆಕೆಗೆ ತನ್ನ ಮೇಲೆಯೇ ಸಿಟ್ಟು ಬಂತು. ಮೂರು ವಾರದಿಂದ ದಿನವೂ ಬರುತ್ತಿದ್ದಳು. ಒಂದು ಸಲವಾದರೂ ಆ ಪ್ರಶ್ನೆ ಕೇಳಿರಲಿಲ್ಲ.

ಕೋಣೆಯ ಗೋಡೆಗೆ ಎಪ್ಪತ್ತು ಗೂಟ, ಪ್ರತಿ ಗೂಟಕ್ಕೆ ನಂಬರು, ಪ್ರತಿ ನಂಬರಿಗೆ ಒಂದು ಜೊತೆ ಹಸಿರು ರಬ್ಬರು ಬೂಟು. ಎಲ್ಲ ಒಂದೇ ಅಚ್ಚಿನವು. ಹೊರಗಿನ ಚಪ್ಪಲಿ ಕಾಡಿಗೆ ಹೋಗುವಂತಿಲ್ಲ, ಕಾಡಿನ ಬೂಟು ಹೊರಗೆ ಬರುವಂತಿಲ್ಲ. ವಾಪಸಾಗುವಾಗ ಪ್ರತಿಯೊಬ್ಬರೂ ತಟ್ಟೆಯ ಮೇಲೆ ಬೂಟು ಉಜ್ಜಬೇಕು. ಉದುರಿದ ಮಣ್ಣನ್ನು ಕಾಗದದ ಪೊಟ್ಟಣ ಕಟ್ಟಿ, ಮೇಲೆ ಹೆಸರು, ತಾರೀಕು ಬರೆಯಬೇಕು. ಆ ಮಣ್ಣನ್ನು ಟ್ರೇಯಲ್ಲಿ ಹಾಕಿ, ನೀರು ಚಿಮುಕಿಸಿ, ಏನು ಮೊಳೆಯುತ್ತದೆ ಎಂದು ನೋಡುವುದು ಇಲ್ಲಿನ ಪದ್ಧತಿ. ಯಾಕೆಂದರೆ ಇಲ್ಲಿನ ಶತ್ರು ಮನುಷ್ಯರ ಅಂಗಾಲಿಗೆ ಅಂಟಿಕೊಂಡೇ ಊರು ಸುತ್ತುತ್ತದೆ.

ಆ ಶತ್ರುವಿಗೆ ಆಳುಗಳು ಇಟ್ಟ ಹೆಸರು 'ನೆಂಟ'. ಯಾವ ಕಾಲದಲ್ಲೋ ಯಾರದೋ ತೋಟಕ್ಕೆ ಚಂದಕ್ಕೆಂದು ಬಂದ ಮುಳ್ಳುಪೊದೆ. ಬಂದ ನೆಂಟ ಎದ್ದು ಹೋಗಲಿಲ್ಲ. ಕಾಡಿನ ಅರ್ಧ ಈಗ ಅವನದು.

ಹದಿನಾಲ್ಕನೇ ಗೂಟ ಖಾಲಿ. ಅದರ ಕೆಳಗೆ ಒಂದು ಜೊತೆ ಕಂದು ಚಪ್ಪಲಿ, ಮೇಲೆ ಇಪ್ಪತ್ತಾರು ದಿನದ ಧೂಳು. ಎಣಿಕೆಯವಳು ಒಳಗೇ ಇದ್ದಾಳೆ ಎಂದು ಎಲ್ಲರೂ ನಂಬಿದ್ದು ಇದರಿಂದಲೇ. ಚಪ್ಪಲಿ ಇಲ್ಲಿದೆ, ಬೂಟು ಇಲ್ಲ. ಅಂದರೆ ಒಳಗೆ ಹೋದವಳು ಹೊರಗೆ ಬಂದಿಲ್ಲ.

ಬಾಗಿಲ ಬಳಿಯ ಬೆಂಚಿನ ಮೇಲೆ ಅವಳ ಅತ್ತೆ ಕೂತಿದ್ದಳು. ದಿನವೂ ಕೂರುತ್ತಿದ್ದಳು. ಮಗ ತೀರಿಕೊಂಡು ಆರು ವರ್ಷ. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಮೊಣಕಾಲ ಮೇಲೆ ಕೆಂಪು ಬೂದು ಚೌಕಳಿಯ ಹಳೇ ಕಂಬಳಿ.

"ಇವತ್ತೂ ಬಂದ್ರಾ ಅಜ್ಜಿ?"

"ಮನೇಲಿ ಕೂತು ಏನು ಮಾಡ್ಲಿ? ಬೈಯೋಕೆ ಒಬ್ರಿಲ್ಲ, ಬೈಸ್ಕೊಳ್ಳೋಕೂ ಒಬ್ರಿಲ್ಲ." ಮುದುಕಿ ಕಂಬಳಿಯ ಅಂಚನ್ನು ಎಳೆದು ತೋರಿಸಿದಳು. "ನೋಡಿ ಅವಳ ಕೆಲಸ. ಒಂದು ಮಾತು ಕೇಳ್ದೆ ಮೂಲೆ ಕತ್ತರಿಸಿಬಿಟ್ಲು. ಒಂದು ಪಾದ ಇನ್ನೊಂದಕ್ಕಿಂತ ಸಣ್ಣ ಅವಳಿಗೆ, ಬೂಟು ಜಾರುತ್ತಂತೆ. ಕಂಬಳಿ ಕತ್ತರಿಸಿ ಬೂಟಿಗೆ ತುರುಕೋದಾ? ಎಂಟು ದಿನ ಮಾತು ಬಿಟ್ಟಿದ್ದೆ. ಒಂಬತ್ತನೇ ದಿನ ಹೋದೋಳು ಬರಲೇ ಇಲ್ಲ."

ಮುದುಕಿ ಅಳಲಿಲ್ಲ. ಕತ್ತರಿಸಿದ ಮೂಲೆಯನ್ನು ಬೆರಳಿನಿಂದ ನೇವರಿಸುತ್ತಾ ಕೂತಳು. "ಹೆಣ ಆದ್ರೂ ಹುಡುಕಿಕೊಡಿ ತಾಯಿ. ನಾನು ಮಾತಾಡ್ಬೇಕು ಅವಳ ಜೊತೆ."

"ಇವತ್ತೇ ಹುಡುಕ್ತೀನಿ," ಎಂದಳು ಸೂಜಿ ಮೇಡಂ. ಪೊಲೀಸರು ಕೊಡಬಾರದ ಮಾತು ಅದು ಎಂದು ಆಕೆಗೆ ಗೊತ್ತಿತ್ತು.

ಮೇಷ್ಟ್ರು ಬೂಟಿನ ಮಣ್ಣಿನ ಟ್ರೇಗಳ ಮೊಳಕೆಮನೆಯಲ್ಲಿದ್ದರು. ಅಲ್ಲಿಗೆ ಹೋಗುವ ದಾರಿ ಏಳನೇ ತುಂಡಿನ ಅಂಚಿನಲ್ಲೇ ಇತ್ತು. ಮಧ್ಯಾಹ್ನ ಮೂರೂವರೆಯ ಬಿಸಿಲು. ಒಂದರಿಂದ ಆರರವರೆಗಿನ ತುಂಡುಗಳನ್ನು ದಾಟುವಷ್ಟು ಹೊತ್ತೂ ಹಕ್ಕಿಗಳು ಗಲಾಟೆ ಮಾಡುತ್ತಿದ್ದವು. ಒಂದರಲ್ಲಿ ನೆಂಟನನ್ನು ಕಡಿದಿದ್ದರು, ಇನ್ನೊಂದರಲ್ಲಿ ಬೇರುಸಹಿತ ಕಿತ್ತಿದ್ದರು, ಮತ್ತೊಂದರಲ್ಲಿ ಕಿತ್ತು ಇಲ್ಲಿನದೇ ಹುಲ್ಲು ಬಿತ್ತಿದ್ದರು. ಯಾವ ಉಪಾಯ ಫಲಿಸುತ್ತದೋ ನೋಡಿ ಮುಂದಿನ ಹಂಗಾಮಿಗೆ ಬದಲಿಸಿಕೊಳ್ಳುವುದು. ಆದರೆ ಫಲಿಸಿತೋ ಇಲ್ಲವೋ ಎಂದು ತಿಳಿಯಲು ಪಕ್ಕದಲ್ಲಿ ಏನೂ ಮಾಡದ ತುಂಡೊಂದು ಬೇಕಲ್ಲ? ಅದೇ ಏಳನೆಯದು. ನೆಂಟನನ್ನು ಅವನ ಪಾಡಿಗೆ ಬಿಟ್ಟ ಜಾಗ.

ಅಲ್ಲಿಗೆ ಬಂದಾಗ ಹಕ್ಕಿಗಳ ಸದ್ದು ನಿಂತಿತು. ನಿಧಾನಕ್ಕೆ ಕಮ್ಮಿಯಾದದ್ದಲ್ಲ, ಬಾಗಿಲು ಹಾಕಿದ ಹಾಗೆ. ಎರಡಾಳೆತ್ತರ ಪೊದೆ, ಒಳಗೆ ಕೈ ತೂರಿಸಲು ಜಾಗವಿಲ್ಲದಷ್ಟು ಹೆಣೆದುಕೊಂಡ ಮುಳ್ಳು, ಅದರ ಹಿಂದೆ ಕತ್ತಲು. ಮೂಗಿಗೆ ಸಿಹಿಯಾದ, ಕೊಂಚ ಹಳಸಿದ ವಾಸನೆ. 'ಕಾಲಿಡಬೇಡಿ' ಎಂಬ ಫಲಕವನ್ನೂ ಪೊದೆ ಅರ್ಧ ನುಂಗಿತ್ತು.

ಆಕೆ ನಿಂತು ಕಿವಿಗೊಟ್ಟಳು. ಒಳಗಿನಿಂದಲೂ ಯಾರೋ ನಿಂತು ಕಿವಿಗೊಟ್ಟಿದ್ದಾರೆ ಅನ್ನಿಸಿತು. ಹೆದರಿಕೆಯಾದದ್ದು ನಿಜ, ಆಕೆ ಅದನ್ನು ತನ್ನಿಂದ ಮುಚ್ಚಿಡಲಿಲ್ಲ. ಒಬ್ಬಳೇ ಬರಿಗೈಯಲ್ಲಿ ಇದರೊಳಗೆ ನುಗ್ಗುವ ಹಾಗಿರಲಿಲ್ಲ. ಆಳು ಬೇಕು, ಕತ್ತಿ ಬೇಕು, ಅದಕ್ಕೂ ಮೊದಲು ಮಶೀನು ನಿಲ್ಲಬೇಕು.

ಹೆಜ್ಜೆ ಚುರುಕು ಮಾಡಿದಳು. ಎಡಗಾಲಿನ ಬೂಟು ಎಂದಿನಂತೆ ಹಿಮ್ಮಡಿಗೆ ಕಚ್ಚಿತು. ಮೂರು ವಾರದಿಂದ ಹೀಗೇ. ಯಾರಿಗೂ ಹೇಳಿರಲಿಲ್ಲ, ಎರವಲು ತಂದ ಬೂಟಿಗೆ ದೂರು ಹೇಳುವುದುಂಟೇ?

ಮೊಳಕೆಮನೆ ಗಾಜಿನ ಸೂರಿನ ಉದ್ದನೆಯ ಕೋಣೆ. ಮಂಜುಗಾಜಿನಲ್ಲಿ ಬೆಳಕು ಬರುತ್ತದೆ, ಹೊರಗಿನದು ಕಾಣುವುದಿಲ್ಲ. ಎರಡೂ ಬದಿ ಸಾಲುಸಾಲು ಟ್ರೇಗಳು, ಪ್ರತಿ ಟ್ರೇಗೂ ಒಬ್ಬರ ಹೆಸರು, ಹೆಸರಿನ ಕೆಳಗೆ ಅವರ ಅಂಗಾಲಿನಿಂದ ಹುಟ್ಟಿದ ಗಿಡಗಳು. ಎಣಿಕೆಯವಳ ಟ್ರೇಗಳೂ ಇದ್ದವು. ಎಸೆಯಲು ಯಾರಿಗೂ ಮನಸ್ಸು ಬಂದಿರಲಿಲ್ಲ. ಅವಳಿಲ್ಲದಿದ್ದರೂ ಅವಳ ಹೆಸರಿನಡಿ ದಿನಕ್ಕೊಂದು ಎಲೆ ಹೊಸದಾಗಿ ಬಿಡುತ್ತಿತ್ತು.

ಮೇಷ್ಟ್ರು ಕಡೆಯ ಸಾಲಿನಲ್ಲಿ ಬಗ್ಗಿ ನಿಂತಿದ್ದರು. ಕಾಡಿನ ವಿಜ್ಞಾನಿ ಅವರು. ಏನು ಕೇಳಿದರೂ ಪಾಠ ಮಾಡುತ್ತಾರೆಂದು ಎಲ್ಲರ ಬಾಯಲ್ಲಿ ಮೇಷ್ಟ್ರು.

"ನಾಳೆ ಮಶೀನು ಬರಬಾರದು," ಎಂದಳು ಸೂಜಿ ಮೇಡಂ.

"ಬರುತ್ತೆ." ಅವರು ತಲೆ ಎತ್ತಲಿಲ್ಲ.

"ಏಳನೇ ತುಂಡಲ್ಲಿ ಯಾರೂ ಹುಡುಕಿಲ್ಲ."

"ಅಲ್ಲೇನು ಹುಡುಕ್ತೀರಿ? ಅಲ್ಲಿಗೆ ಯಾರೂ ಹೋಗಲ್ಲ."

"ಹೋಗಲ್ಲ ಅಂತ ನೋಡಿದೋರು ಯಾರು? ಅಲ್ಲಿಗೆ ಯಾರೂ ಹೋಗಲ್ಲವಲ್ಲ."

ಮೇಷ್ಟ್ರು ಈಗ ತಲೆ ಎತ್ತಿದರು.

"ಹನ್ನೆರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದ್ರಿ," ಆಕೆ ಬಿಡಲಿಲ್ಲ. "ನಿಮ್ಮ ಕೈಕೆಳಗಿನ ಹೆಣ್ಣುಮಗಳು ಕಾಣೆಯಾಗಿ ಒಂದು ತಿಂಗಳು ತುಂಬಿಲ್ಲ. ಅಷ್ಟರಲ್ಲಿ ಅದನ್ನ ಅರೆದು ಹಾಕೋ ಅವಸರ ಯಾಕೆ ಬಂತು? ಕುಂಬಳಕಾಯಿ ಕಳ್ಳ ಅಂತ ನಾನಿನ್ನೂ ಅಂದಿಲ್ಲ, ಹೆಗಲು ಮುಟ್ಟಿ ನೋಡ್ಕೋಬೇಡಿ. ಕಾರಣ ಹೇಳಿ ಸಾಕು."

"ಕಾರಣ ನೀವು."

"ನಾನಾ?"

"ನೀವೇ. ಬನ್ನಿ ಇಲ್ಲಿ." ಮೇಷ್ಟ್ರ ದನಿ ನಡುಗುತ್ತಿತ್ತು. ಅದು ಹೆದರಿಕೆಯಲ್ಲ, ಬಹಳ ದಿನ ನುಂಗಿಕೊಂಡ ಕೋಪ. ಒಂದು ಟ್ರೇ ಎಳೆದು ಬೆಳಕಿಗೆ ಇಟ್ಟರು. "ಇದೇನು ಹೇಳಿ."

ನೆಂಟನ ಒರಟು ಮೊಳಕೆಗಳ ನಡುವೆ ಹನ್ನೊಂದು ಸಣ್ಣ ಸಸಿಗಳು. ಪ್ರತಿಯೊಂದಕ್ಕೂ ಚೂಪಾದ ಎರಡೇ ಎಲೆ, ನೆಟ್ಟಗೆ ನಿಂತದ್ದು. ಏನನ್ನೋ ಆಲಿಸುತ್ತಿರುವ ಹಾಗೆ ಎಲ್ಲವೂ ಒಂದೇ ಕಡೆ ತಿರುಗಿದ್ದವು.

"ಬೆಕ್ಕಿನಕಿವಿ ಬಳ್ಳಿ. ಈ ಕಾಡಿನ ಹುಟ್ಟುಮಗು. ಎಲ್ಲಾ ಕಡೆ ನೆಂಟ ಇದನ್ನ ಮುಗಿಸಿದ. ಉಳಿದಿದ್ದು ಒಂದೇ ಕಡೆ, ಏಳನೇ ತುಂಡಿನ ನಟ್ಟನಡುವೆ, ಒಂದು ಕೋಣೆಯಷ್ಟು ಜಾಗದಲ್ಲಿ. ಫಲಕ ಹಾಕೋ ಮುಂಚೆ ನಾನೇ ಎಣಿಸಿದ್ದೆ. ಇದರ ಬೀಜ ಗಾಳೀಲಿ ಹಾರಲ್ಲ, ಹಕ್ಕಿ ತಿನ್ನಲ್ಲ. ತುಳಿದವರ ಕಾಲಿಗೆ ಮಾತ್ರ ಅಂಟುತ್ತೆ." ಅವರು ಟ್ರೇಯ ಚೀಟಿಯನ್ನು ಆಕೆಯ ಕಡೆ ತಿರುಗಿಸಿದರು. "ಹೆಸರು ಓದಿ."

ಓದುವ ಅಗತ್ಯವಿರಲಿಲ್ಲ, ಅಕ್ಷರ ಆಕೆಯದೇ.

"ಹೋಲಿಸೋಕೆ ಅಂತ ಇಟ್ಟ ತುಂಡಿಗೆ ಕಾಲು ಬಿತ್ತು ಅಂದ್ಮೇಲೆ ಅದು ಹೋಲಿಕೆಗೆ ಬರಲ್ಲ. ಹನ್ನೆರಡು ವರ್ಷ ನೀರಲ್ಲಿ ಹೋಮ. ನೀವು ಪೊಲೀಸ್ನೋರು, ನಿಮ್ಮನ್ನ ಕೇಳೋರು ಯಾರು? ಸುಮ್ನಾದೆ. ಮೂರನೇ ತುಂಡಲ್ಲಿ ಮಶೀನು ಬಿಟ್ಟ ಮೇಲೆ ಮಣ್ಣಲ್ಲಿ ಮಲಗಿದ್ದ ಬೀಜ ಬೆಳಕು ಕಂಡು ಎದ್ದಿತ್ತು. ಇಲ್ಲೂ ಏಳಲಿ, ಈ ಬಳ್ಳಿಯಾದ್ರೂ ಉಳೀಲಿ ಅಂತ ಸಭೇಲಿ ಒಪ್ಪಿದೆ. ಮಾಡು, ನೋಡು, ಬದಲಿಸು. ಅದೇ ನಮ್ಮ ಧರ್ಮ."

ಸೂಜಿ ಮೇಡಂ ಚೀಟಿಯ ತಾರೀಕನ್ನೇ ನೋಡುತ್ತಿದ್ದಳು.

"ಮೇಷ್ಟ್ರೇ, ಇದು ನಾನು ಮೊದಲ ದಿನ ಕಟ್ಟಿದ ಪೊಟ್ಟಣ."

"ಹೌದು. ಆಮೇಲಿನ ನಿಮ್ಮ ಯಾವ ಟ್ರೇಯಲ್ಲೂ ಇದಿಲ್ಲ."

"ಆ ದಿನ ನಾನು ಎಲ್ಲೆಲ್ಲಿ ನಡೆದೆ?"

"ಗೇಟಿಂದ ಆಫೀಸಿಗೆ, ಆಫೀಸಿಂದ..." ಮೇಷ್ಟ್ರು ತಡೆದರು. ಮೂಗಿನ ಮೇಲೆ ಜಾರಿದ ಕನ್ನಡಕ ಜಾರಿದಲ್ಲೇ ಉಳಿಯಿತು. "ಆಫೀಸಿಂದ ಗೇಟಿಗೆ. ನಿಮ್ಮ ಪಕ್ಕದಲ್ಲಿ ನಾನೇ ಇದ್ದೆ."

"ಡಾಂಬರು ರಸ್ತೆ ಬಿಟ್ಟು ಇಳಿದ್ನಾ?"

"ಇಲ್ಲ."

"ಹಾಗಾದ್ರೆ ಬೀಜ ನನ್ನ ಕಾಲಿಗೆ ಅಂಟಿದ್ದಲ್ಲ. ನಾನು ಹಾಕ್ಕೊಳ್ಳೋ ಮುಂಚೆನೇ ಬೂಟಿಗೆ ಅಂಟಿತ್ತು. ಇಲ್ಲಿ ಒಳಗೆ ಹೋಗಿ ಬಂದ ಬೂಟನ್ನ ಉಜ್ಜದೇ ಇಡೋದುಂಟಾ?"

"ಹನ್ನೆರಡು ವರ್ಷದಲ್ಲಿ ಒಂದ್ಸಲವೂ ಇಲ್ಲ. ಮರೆಯೋಕೆ ಸಾಧ್ಯವೇ ಇಲ್ಲ, ಅದು ನಮಗೆ ಉಸಿರಾಡಿದ ಹಾಗೆ. ಬೇಕಂತಲೇ ಬಿಡಬೇಕು." ಅವರ ದನಿ ಇಳಿಯಿತು. "ಉಜ್ಜಿದ್ರೆ ಪೊಟ್ಟಣ ಕಟ್ಟಬೇಕು. ಪೊಟ್ಟಣ ಕಟ್ಟಿದ್ರೆ ಹೆಸರು ಬರೀಬೇಕು."

ಹನ್ನೊಂದು ಜೊತೆ ಕಿವಿಗಳು ಅವರ ನಡುವೆ ನಿಂತಿದ್ದವು.

"ಈ ಟ್ರೇ ಮೊದಲು ಯಾರ ಕಣ್ಣಿಗೆ ಬಿತ್ತು?"

"ಕುಡುಗೋಲಣ್ಣನಿಗೆ. ನೀರು ಹಾಕೋಕೆ ಬಂದಾಗ ಕಂಡಿತಂತೆ. ಓಡಿ ಬಂದು ಹೇಳಿದ."

"ಮಶೀನಿನ ಮಾತು ಸಭೆಯಲ್ಲಿ ಮೊದಲು ಎತ್ತಿದ್ದು?"

"ಅವನೇ," ಎಂದರು ಮೇಷ್ಟ್ರು. ಕೈಯ ಮಣ್ಣನ್ನು ಅಂಗಿಗೆ ಒರೆಸಿಕೊಂಡರು. ಪಾಠ ಹೇಳುವ ಮನುಷ್ಯ ತಾನೇ ಪಾಠ ಕಲಿತ ಮುಖ. "ಇಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ನಾನು ಆಫೀಸಿಗೆ ಹೋಗಿ ಫೋನ್ ಮಾಡ್ತೀನಿ. ಮಶೀನು ನಿಲ್ಲಿಸಿಯೇ ಬರ್ತೀನಿ. ನೀವು ಇಲ್ಲೇ ಇರಿ, ಈ ಟ್ರೇ ಬಿಟ್ಟು ಕದಲಬೇಡಿ."

ಬಾಗಿಲು ಮುಚ್ಚಿಕೊಂಡು ಅವರು ಅವಸರದಿಂದ ಹೊರಟರು. ಸೂಜಿ ಮೇಡಂ ಚಿಲಕ ಹಾಕಿಕೊಂಡು ಸ್ಟೂಲಿನ ಮೇಲೆ ಕೂತಳು.

ಮೊದಲ ದಿನ ನೆನಪಾಯಿತು. ಗೇಟಿನ ಕೋಣೆಯಲ್ಲಿ ಆಕೆಯ ಅಳತೆಯ ಬೂಟು ಸಿಗದೆ ಎಲ್ಲರೂ ಪರದಾಡಿದ್ದರು. ಆಗ ಕುಡುಗೋಲಣ್ಣ ಅತಿಥಿಗಳ ಕಪಾಟಿನ ತಳದಿಂದ ಒಂದು ಜೊತೆ ಎಳೆದು, ಮೇಲಿನ ಧೂಳನ್ನು ತನ್ನ ಕರವಸ್ತ್ರದಿಂದಲೇ ಒರೆಸಿ, ಆಕೆಯ ಮುಂದೆ ಇಟ್ಟಿದ್ದ. 'ಪೊಲೀಸ್ನೋರಿಗೆ ಇಷ್ಟು ಸಣ್ಣ ಪಾದ ಇರುತ್ತೆ ಅಂತ ಗೊತ್ತೇ ಇರ್ಲಿಲ್ಲ ಮೇಡಂ. ಹೆಂಗಸರ ಅಳತೇದು ಇದೊಂದೇ ಇರೋದು.' ಎಲ್ಲರೂ ನಕ್ಕಿದ್ದರು. ಆಕೆಯೂ ನಕ್ಕಿದ್ದಳು. ಅಂದಿನಿಂದ ದಿನವೂ ಅದೇ ಜೊತೆ.

ಕಾಡಿನಲ್ಲಿ ಕೆಲಸಕ್ಕಿದ್ದ ಹೆಂಗಸು ಒಬ್ಬಳೇ. ಹದಿನಾಲ್ಕನೇ ಗೂಟ ಖಾಲಿ.

ಸೂಜಿ ಮೇಡಂ ನಿಧಾನವಾಗಿ ತನ್ನ ಪಾದಗಳ ಕಡೆ ನೋಡಿದಳು. ಅವು ಬೇರೆ ಯಾರದೋ ಪಾದಗಳಂತೆ ಕಂಡವು.

ಎಡಗಾಲಿನ ಬೂಟು ಎಳೆದಳು. ಅದು ಸುಲಭವಾಗಿ ಬರಲಿಲ್ಲ, ಎಂದೂ ಬಂದಿರಲಿಲ್ಲ. ಒಳಗೆ ಕೈ ಹಾಕಿ ಒಳಹಾಸನ್ನು ಉಗುರಿನಿಂದ ಎಬ್ಬಿಸಿದಳು. ಹಿಮ್ಮಡಿಯ ಕಡೆ ಮೆತ್ತಗಿನ ಗಂಟು. ಹಿಡಿದು ಎಳೆದಾಗ ನಾಲ್ಕು ಮಡಿಕೆಯ ಒಂದು ಬಟ್ಟೆ ಹೊರಗೆ ಬಂತು. ಬೆವರಿಗೆ ಚಪ್ಪಟೆಯಾಗಿ, ಆಕೆಯದೇ ಹಿಮ್ಮಡಿಯ ಅಚ್ಚು ಹೊತ್ತು.

ಕೆಂಪು ಬೂದು ಚೌಕಳಿ.

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದಳು ಎನ್ನುತ್ತಾರೆ. ಸೂಜಿ ಮೇಡಂ ಮೂರು ವಾರ ಕಾಣೆಯಾದವಳ ಬೂಟನ್ನೇ ತೊಟ್ಟು ಕಾಣೆಯಾದವಳನ್ನು ಹುಡುಕಿದ್ದಳು. ಹೆಜ್ಜೆ ಹೆಜ್ಜೆಗೂ ಅದು ಹಿಮ್ಮಡಿ ಕಚ್ಚಿ ಹೇಳುತ್ತಲೇ ಇತ್ತು, ಆಕೆಗೆ ಕೇಳಿಸಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತ ಮುದುಕಿಯ ಬೆರಳು ನೆನಪಾಯಿತು.

ಎಣಿಕೆಯವಳು ಬಂದಿರಲಿಲ್ಲ, ಅವಳ ಬೂಟು ಬಂದಿತ್ತು. ಅಂದರೆ ಅದನ್ನು ಅವಳ ಕಾಲಿನಿಂದ ಬಿಚ್ಚಿ ಹೊತ್ತು ತಂದ ಕೈಯೊಂದಿತ್ತು. ಆ ಕೈಗೆ ಇಲ್ಲಿನ ಪದ್ಧತಿ ಚೆನ್ನಾಗಿ ಗೊತ್ತು. ಬೂಟನ್ನು ಯಾರಿಗೆ ತೊಡಿಸಿದರೆ ಮಣ್ಣು ಯಾರ ಹೆಸರಿಗೆ ಬೀಳುತ್ತದೆ, ಎಷ್ಟು ದಿನಕ್ಕೆ ಮೊಳೆಯುತ್ತದೆ, ಮೊಳೆತದ್ದನ್ನು ಕಂಡರೆ ಮೇಷ್ಟ್ರು ಏನು ಮಾಡುತ್ತಾರೆ, ಎಲ್ಲವೂ ಗೊತ್ತು.

ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಆಕೆ ಎದ್ದಳು. ಆಗ ದೂರದಲ್ಲಿ ಸದ್ದು ಕೇಳಿಸಿತು. ಮೊದಲು ಒಂದು ಕೆಮ್ಮು, ಆಮೇಲೆ ಒಂದೇ ಸಮನೆ ಗುರುಗುಟ್ಟುವ ಎಂಜಿನ್ನು, ಏಳನೇ ತುಂಡಿನ ದಿಕ್ಕಿನಿಂದ. ಟ್ರೇಗಳಲ್ಲಿದ್ದ ಎಲೆಗಳು ಸಣ್ಣಗೆ ಅದುರತೊಡಗಿದವು.

ನಾಳೆ ಬೆಳಿಗ್ಗೆ ಬರಬೇಕಾದ ಮಶೀನು ಇವತ್ತೇ ಬಂದಿತ್ತು.

ಆಕೆ ಒಂದೇ ಬೂಟಿನಲ್ಲಿ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಿದ್ದಳು. ಹೊರಗೆ ಮಂಜುಗಾಜಿನ ಮೇಲೆ ಒಂದು ನೆರಳು ಬಿತ್ತು. ಯಾರೋ ಬೆರಳ ಗೆಣ್ಣಿನಿಂದ ಮೃದುವಾಗಿ ಬಡಿದರು.

"ಮೇಡಂ, ಬೂಟು ಬಿಚ್ಚಿ ಕೊಟ್ಬಿಡ್ತೀರಾ? ಮಶೀನು ಬರೋ ದಿನ ಎಲ್ಲಾ ಬೂಟೂ ತೊಳೆದಿಡ್ಬೇಕು." ಕುಡುಗೋಲಣ್ಣನ ದನಿ. ಅದೇ ನಗು.

"ಮೇಷ್ಟ್ರು ಎಲ್ಲಿ?"

"ಫೋನ್ ಮಾಡ್ತೀನಿ ಅಂತ ಆಫೀಸಿಗೆ ಹೋದ್ರು. ಪಾಪ, ಮಧ್ಯಾಹ್ನದಿಂದ ಲೈನೇ ಇಲ್ಲ, ಅವರಿಗೆ ಗೊತ್ತಿಲ್ಲ."

ಆಕೆ ಸೊಂಟದ ಪಿಸ್ತೂಲಿಗೆ ಕೈ ಹಾಕಿದಳು. ಚಿಲಕ ಒಂದು ಸಲ ಅಲುಗಿತು, ನಿಂತಿತು. ಆಮೇಲೆ ಅವನು ಗಾಜಿಗೆ ಬಾಯಿ ಹತ್ತಿರ ತಂದು, ತೀರಾ ಆಪ್ತರನ್ನು ವಿಚಾರಿಸುವ ಹಾಗೆ ಕೇಳಿದ.

"ಇಷ್ಟು ದಿನ ಎಡಗಾಲು ಕಚ್ತಾ ಇತ್ತು, ಅಲ್ವಾ ಮೇಡಂ?"